ಧಾರಣೆ ಆ್ಯಪ್‌ಗೆ ಚಾಟ್, ಹವಾಮಾನ ಬೇಕೆ?

ಶಿರಸಿ ಅಡಿಕೆ ಧಾರಣೆ ತೋರಿಸುವ ನಿಮ್ಮ ಆ್ಯಪ್‌ಗೆ ಎದುರಾಳಿಗಳಂತೆ ಸುದ್ದಿ, ಹವಾಮಾನ, ಚಾಟ್ ಎಲ್ಲ ಸೇರಿಸಬೇಕೆ ಎಂದು ಕೇಳಿದ್ದೀರಿ. ನನ್ನ ಕೇಳಿದರೆ ಬೇಡ, ಈ ವರ್ಷವಂತೂ ಬೇಡವೇ ಬೇಡ.

ಆ್ಯಪಲ್ ಕಂಪನಿ ಏನು ಮಾಡಿತು ನೋಡಿ. 1997ರಲ್ಲಿ ಸ್ಟೀವ್ ಜಾಬ್ಸ್ ಮರಳಿದಾಗ ಅದಕ್ಕೆ ಆ ವರ್ಷದ ನಷ್ಟವೇ ಸುಮಾರು 100 ಕೋಟಿ ಡಾಲರ್. ಅವರು ಹೆಚ್ಚಿನ ಮಾದರಿಗಳನ್ನು ಕೈಬಿಟ್ಟು ನಾಲ್ಕೇ ಉಳಿಸಿಕೊಳ್ಳಲು ಹೊರಟರು: ಮನೆಬಳಕೆಗೆ ಒಂದು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್, ವೃತ್ತಿಪರರಿಗೂ ಹಾಗೆಯೇ. ಅಭಿಮಾನಿಗಳಿದ್ದ ನ್ಯೂಟನ್ ಎಂಬ ಅಂಗೈ ಕಂಪ್ಯೂಟರ್ ಕೂಡ 1998ರಲ್ಲಿ ನಿಂತಿತು. 2007ರ ಮೊದಲ ಐಫೋನ್‌ನಲ್ಲಿ ಕಾಪಿ-ಪೇಸ್ಟೇ ಇರಲಿಲ್ಲ, ಬಂದದ್ದು 2009ರಲ್ಲಿ. (ಜನ ಬೈದರು, ಆದರೂ ಕೊಂಡರು.) ಬೆರಳಿಗೆ ಸ್ಕ್ರೀನ್ ಸ್ಪಂದಿಸುವುದು ಮಾತ್ರ ಮೊದಲ ದಿನದಿಂದಲೇ ಪಕ್ಕಾ.

ನಿಮ್ಮಲ್ಲಿ ಪಕ್ಕಾ ಆಗಬೇಕಾದ್ದು ದರ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಹೀಗೆ ಅಡಿಕೆಯ ಒಂದೊಂದು ಬಗೆಯ ದರವೂ ಬೇರೆ ಬೇರೆ ಕಾಣಲಿ. ಶಿರಸಿ ದರದ ಪಕ್ಕದಲ್ಲೇ ಯಲ್ಲಾಪುರ, ಸಿದ್ದಾಪುರ ಮಾರುಕಟ್ಟೆಗಳ ದರವೂ ಇರಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಹಳ್ಳಿಯಲ್ಲಿ ಟವರೂ ಹೋಗುತ್ತದೆ, ಹಾಗಾಗಿ ನೆಟ್ ಇಲ್ಲದಾಗಲೂ ಕೊನೆಯ ದರ ತಾರೀಖಿನ ಸಮೇತ ತೆರೆಯಬೇಕು. ಇನ್ನು ಚಾಟ್ ಕೊಟ್ಟರೆ ಅಲ್ಲಿ ಯಾರು ಏನು ಬರೆಯುತ್ತಾರೆಂದು ನೋಡಿಕೊಳ್ಳುವವರು ಯಾರು ಮಾರಾಯ್ರೆ? ವಾಟ್ಸ್‌ಆ್ಯಪ್ ಗುಂಪಿಗೆ ದರ ಕಳಿಸುವ ಒಂದು ಬಟನ್ ಸಾಕು. ಸೇರಿಸಲೇಬೇಕೆಂದಿದ್ದರೆ ಕಾಳುಮೆಣಸಿನ ದರ ಸೇರಿಸಿ. ಅದೇ ತೋಟ, ಅದೇ ಗಿರಾಕಿ.