ಸಕ್ಕರೆ ಬಿಟ್ಟರೆ ಗೆಡ್ಡೆ ಸೊರಗುವುದೇ?

'ಕ್ಯಾನ್ಸರ್ ಗೆಡ್ಡೆ ಸಕ್ಕರೆಯನ್ನೆಲ್ಲ ತಾನೇ ತಿಂದು ರೋಗನಿರೋಧಕ ಕೋಶಗಳನ್ನು ಉಪವಾಸ ಕೆಡವುತ್ತದಂತೆ. ಅದಕ್ಕೇ ಅಮ್ಮನಿಗೆ ಅನ್ನ, ಹಣ್ಣು ನಿಲ್ಲಿಸಿದ್ದೇವೆ. ಸರಿ ತಾನೇ?' ಎಂದು ಹಾಸನದ ಓದುಗರೊಬ್ಬರು ಕೇಳಿದ್ದಾರೆ.

ಅಮ್ಮನ ಬಗ್ಗೆ ನಿಮಗಿರುವ ಕಾಳಜಿ ಪತ್ರದುದ್ದಕ್ಕೂ ಕಾಣುತ್ತದೆ. ಆದರೂ ಗದರಿಯೇ ಹೇಳುತ್ತೇನೆ: ವೈದ್ಯರನ್ನು ಕೇಳದೆ ಒಂದು ತುತ್ತನ್ನೂ ಕಡಿಮೆ ಮಾಡಬೇಡಿ. ಸಕ್ಕರೆ ಕಾಯಿಲೆಯಿದ್ದರೆ ಆ ಮಾತು ಬೇರೆ.

ನೀವು ಓದಿದ್ದು ಪೂರ್ತಿ ಸುಳ್ಳೇನಲ್ಲ. ಆಮ್ಲಜನಕ ಸಾಕಷ್ಟಿದ್ದರೂ ಗೆಡ್ಡೆ ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ ಎಂದು ಜರ್ಮನಿಯ ವಿಜ್ಞಾನಿ ಆಟೊ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ರೋಗನಿರೋಧಕ ಕೋಶವಾದ 'ಟಿ ಕೋಶ' ಗ್ಲೂಕೋಸ್ ಸಿಗದಿದ್ದರೆ ಕೈಚೆಲ್ಲುತ್ತದೆ ಎಂದು 2015ರಲ್ಲಿ ಇಲಿಗಳ ಪ್ರಯೋಗ ಹೇಳಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಇಲಿಗಳಿಗೆ ವಿಕಿರಣದ ಗುರುತು ಹಚ್ಚಿದ ಗ್ಲೂಕೋಸ್ ಕೊಟ್ಟು, ಗೆಡ್ಡೆ ತೆಗೆದು, ಅದರ ಕೋಶಗಳನ್ನು ಜಾತಿವಾರು ಬೇರ್ಪಡಿಸಿ ಅಳೆದರು. ತಲಾ ಲೆಕ್ಕದಲ್ಲಿ ಹೆಚ್ಚು ಹೀರಿದ್ದು ಕ್ಯಾನ್ಸರ್ ಕೋಶವಲ್ಲ, ಗೆಡ್ಡೆಯೊಳಗೇ ಬೀಡುಬಿಟ್ಟ ಮ್ಯಾಕ್ರೊಫೇಜ್‌ನಂಥ ರೋಗನಿರೋಧಕ ಕೋಶಗಳು! ಕ್ಯಾನ್ಸರ್ ಕೋಶಗಳು ಹೆಚ್ಚು ಎಳೆದುಕೊಂಡದ್ದು ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನು. ಟಿ ಕೋಶ ಗೆಡ್ಡೆಯ ಅಂಚಿನಲ್ಲೇ ನಿಂತುಬಿಡುವುದಕ್ಕೆ ಬೇರೆ ಕಾರಣಗಳೂ ಇವೆ: ಅಂಕುಡೊಂಕಾದ ರಕ್ತನಾಳಗಳು, ಒಳಗೆ ಕಟ್ಟಿಕೊಂಡ ಆಮ್ಲ, ಆಮ್ಲಜನಕದ ಕೊರತೆ. ಒಳಹೊಕ್ಕ ಟಿ ಕೋಶಕ್ಕೂ ಹೋರಾಡಲು ಗ್ಲೂಕೋಸೇ ಬೇಕು. ನೀವು ಅನ್ನ ನಿಲ್ಲಿಸಿದರೂ ಯಕೃತ್ತು ಸ್ನಾಯುವನ್ನಾದರೂ ಕರಗಿಸಿಕೊಂಡು ರಕ್ತಕ್ಕೆ ಗ್ಲೂಕೋಸ್ ಒದಗಿಸುತ್ತದೆ. ಸೊರಗುವವರು ಅಮ್ಮ, ಗೆಡ್ಡೆಯಲ್ಲ.

ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲೂ ಗೆಲ್ಲಬೇಕೆಂದಿಲ್ಲ. ಟಿ ಕೋಶಗಳಿಗೆ ಬೇಕಾದ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಗೆಡ್ಡೆ ಕರಗಿಸುವುದನ್ನು ತಡೆಯುವ ಎಪಕಡೊಸ್ಟಾಟ್ ಔಷಧಿಯ ಮೇಲೆ ಎಷ್ಟೊಂದು ನಿರೀಕ್ಷೆಯಿತ್ತು. 2018ರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ಅದು ಸೋತಿತು.

ನನ್ನ ಸಿಟ್ಟಿರುವುದು ನಿಮ್ಮ ಮೇಲಲ್ಲ, ನಮ್ಮ ಪತ್ರಿಕಾ ಬಳಗದ ಮೇಲೆ. ಇಲಿಯ ಪ್ರಯೋಗವೊಂದು ಬಂದರೆ ಸಾಕು, ಮರುದಿನವೇ ಪಥ್ಯದ ಪಟ್ಟಿ ಅಚ್ಚಾಗುತ್ತದೆ. ಅದನ್ನು ತಿದ್ದುವ ಸಂಶೋಧನೆಗೆ ಮೂಲೆಯಲ್ಲೂ ಜಾಗವಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು, ಗುಣವಾಗುವ ಹಂತ ದಾಟಿದ ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳಿಗೆ ಮಾಮೂಲಿ ಮಾತ್ರೆಗಳ ಜೊತೆ ರೋಗನಿರೋಧಕ ಕೋಶಗಳನ್ನು ಕ್ಯಾನ್ಸರ್ ವಿರುದ್ಧ ಹುರಿದುಂಬಿಸುವ ಇಮ್ಯುನೋಥೆರಪಿ ಔಷಧಿ ನಿವೊಲುಮಾಬ್ ಬರೀ 20 ಮಿಲಿಗ್ರಾಂ ಕೊಟ್ಟರು. ಅದು ವಾಡಿಕೆಯ ಪ್ರಮಾಣದ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಒಂದು ವರ್ಷದ ನಂತರ ಬದುಕುಳಿದವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿತು. ದುಬಾರಿ ಇಮ್ಯುನೋಥೆರಪಿಯನ್ನು ಬಡವರ ಕೈಗೆಟುಕಿಸುವ ಇಂಥ ಕೆಲಸವನ್ನು ನಾವೆಷ್ಟು ಮಂದಿ ಮುಖಪುಟದಲ್ಲಿ ಬರೆದೆವು?

ಅಮ್ಮನದು ಯಾವ ಕ್ಯಾನ್ಸರ್ ಎಂದು ನೀವು ತಿಳಿಸಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮೊದಲು ಅವರ ತೂಕ ನೋಡಿಸಿ, ಆಹಾರ ತಜ್ಞರನ್ನು ಕಾಣಿ. ಇಮ್ಯುನೋಥೆರಪಿಯ ಮಾತನ್ನೂ ವೈದ್ಯರಲ್ಲಿ ಕೇಳಿ. ಅಲ್ಲಿಯವರೆಗೆ ಅನ್ನ, ಹಣ್ಣು ಇಂದೇ ಶುರುವಾಗಲಿ.