ಮಂಗಳನ ಜೀವಿಗಳ ಕುರಿತು ಬರೆದವರಿಗೆ ಸಂಪಾದಕರ ಉತ್ತರ

ಮಾನ್ಯರೇ,

‘ಮಂಗಳನ ಅಂಗಳದಲ್ಲಿ ಜೀವಿಗಳು’ ಎಂಬ ನಿಮ್ಮ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ‘ಸ್ಥಳಾಭಾವದಿಂದ ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಸ್ಥಳ ನಮ್ಮಲ್ಲಿದೆ, ತೊಡಕು ಲೇಖನದಲ್ಲಿದೆ, ಮತ್ತು ಅದು ತಿದ್ದಬಹುದಾದ ತೊಡಕು ಎಂದು ತೋರಿದ್ದರಿಂದ ಕಾರಣಗಳನ್ನು ವಿವರವಾಗಿಯೇ ತಿಳಿಸುತ್ತಿದ್ದೇನೆ.

ಸುಲಭವಾದುದನ್ನು ಮೊದಲು ಹೇಳಿಬಿಡುತ್ತೇನೆ. ಅಂಗಾರಕನ ಪುರಾಣ ಮತ್ತು ಕುಜದೋಷಕ್ಕೆ ಮೀಸಲಾದ ಮೊದಲ ಎರಡು ಪುಟಗಳನ್ನು ತೆಗೆದುಹಾಕಿ. ಅವು ಓದುಗನನ್ನು ವಿಷಯದ ಹೊಸ್ತಿಲಲ್ಲೇ ಕಾಯಿಸುತ್ತವೆ. ‘ನಮ್ಮ ಮೊಮ್ಮಕ್ಕಳು ಮಂಗಳನಲ್ಲಿ ಮನೆ ಕಟ್ಟಲಿದ್ದಾರೆ’ ಎಂಬ ಕೊನೆಯ ಪುಟವೂ ಬೇಡ, ಏಕೆಂದರೆ ಅದು ಬೇರೆಯೇ ಲೇಖನದ ವಿಷಯ. ಮೂರನೆಯ ಪುಟದಲ್ಲಿ ‘ಮಂಗಳನಿಗೆ ವಾಯುಮಂಡಲವೇ ಇಲ್ಲ’ ಎಂದಿದ್ದೀರಿ. ಒಂಬತ್ತನೆಯ ಪುಟದಲ್ಲಿ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರ್ ಅಲ್ಲಿ 72 ಬಾರಿ ಹಾರಿತು ಎಂದು ಸಂಭ್ರಮಿಸಿದ್ದೀರಿ. ಗಾಳಿಯಿಲ್ಲದೆ ಅದು ಯಾವುದರ ಆಸರೆಯಲ್ಲಿ ಹಾರಿತು ಎಂದು ಯಾವ ಪ್ರೌಢಶಾಲಾ ವಿದ್ಯಾರ್ಥಿಯಾದರೂ ಕೇಳಬಹುದು. ಅಲ್ಲಿ ವಾಯುಮಂಡಲವಿದೆ, ಅದರ ಶೇಕಡಾ 95ರಷ್ಟು ಇಂಗಾಲದ ಡೈಆಕ್ಸೈಡ್, ಮತ್ತು ಅದರ ಒತ್ತಡ ನಮ್ಮ ಸಮುದ್ರಮಟ್ಟದ ಒತ್ತಡದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಈ ಅಂಕಿಗಳು ಜೀವದ ಪ್ರಶ್ನೆಗೂ ಬೇಕು: ಅಷ್ಟು ಕಡಿಮೆ ಒತ್ತಡದಲ್ಲಿ ದ್ರವರೂಪದ ನೀರು ನೆಲದ ಮೇಲೆ ಉಳಿಯಲಾರದು.

ಇನ್ನು ಮುಖ್ಯ ದೋಷಕ್ಕೆ ಬರುತ್ತೇನೆ. ‘ಕ್ಯೂರಿಯಾಸಿಟಿ ರೋವರ್ ಸಾವಯವ ಅಣುಗಳನ್ನು ಪತ್ತೆಹಚ್ಚಿದ್ದರಿಂದ ಮಂಗಳನಲ್ಲಿ ಜೀವವಿತ್ತೆಂಬುದು ಖಚಿತವಾಗಿದೆ’ ಎಂದು ಬರೆದಿದ್ದೀರಿ. ಒಂದು ಜಾಗ ಜೀವಕ್ಕೆ ಯೋಗ್ಯವಾಗಿತ್ತು ಎನ್ನುವುದು ಒಂದು ಮಾತು, ಜೀವಕ್ಕೆ ಬೇಕಾದ ಸಾಮಗ್ರಿ ಅಲ್ಲಿತ್ತು ಎನ್ನುವುದು ಇನ್ನೊಂದು, ಜೀವವೇ ಅಲ್ಲಿತ್ತು ಎನ್ನುವುದು ಮತ್ತೊಂದು. ನಿಮ್ಮ ವಾಕ್ಯ ಈ ಮೂರನ್ನೂ ಒಂದೇ ಉಸಿರಿನಲ್ಲಿ ನುಂಗಿಬಿಡುತ್ತದೆ. 2012ರಲ್ಲಿ ಮಂಗಳನ ಗೇಲ್ ಕುಳಿಯಲ್ಲಿ ಇಳಿದ, ನಾಸಾದ ಚಲಿಸುವ ವಾಹನ ಕ್ಯೂರಿಯಾಸಿಟಿ ಮರುವರ್ಷ ಅಲ್ಲಿನ ಕೆಸರುಕಲ್ಲನ್ನು ಕೊರೆದು, ಒಂದು ಕಾಲಕ್ಕೆ ಅಲ್ಲೊಂದು ಕೆರೆ ಇತ್ತು, ಅದರ ನೀರು ಹೆಚ್ಚು ಉಪ್ಪಾಗಿರಲಿಲ್ಲ, ಹುಳಿಯೂ ಆಗಿರಲಿಲ್ಲ ಎಂದು ತೋರಿಸಿತು. ಇದು ಮೊದಲನೆಯ ಮಾತು. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಸಾವಯವ ಅಣುಗಳು, ಅಂದರೆ ಇಂಗಾಲದ ಚೌಕಟ್ಟಿನ ಅಣುಗಳು, ಇವೆ ಎಂದು 2018ರಲ್ಲಿ ಪ್ರಕಟವಾದದ್ದು ಎರಡನೆಯದು. ಮೂರನೆಯ ಮಾತನ್ನು ಆ ತಂಡದವರು ಹೇಳಲಿಲ್ಲ, ಹೇಳಿದವರು ನೀವು. ಸಾವಯವ ಅಣುಗಳಿಗೆ ಜೀವವೇ ಮೂಲವಾಗಬೇಕಿಲ್ಲ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಹತ್ತಾರು ಬಗೆಯ ಅಮೈನೋ ಆಮ್ಲಗಳು ಸಿಕ್ಕವು, ಆದರೂ ಆ ಕಲ್ಲಿನ ಮೂಲಸ್ಥಾನದಲ್ಲಿ ಜೀವಿಗಳಿದ್ದವು ಎಂದು ಯಾರೂ ತೀರ್ಮಾನಿಸಲಿಲ್ಲ.

ನನಗೆ ಹೆಚ್ಚು ನಿರಾಸೆಯಾದದ್ದು ಬೇರೊಂದು ಕಡೆ. ‘1976ರಲ್ಲಿ ವೈಕಿಂಗ್ ನೌಕೆಗಳು ಜೀವವನ್ನು ಹುಡುಕಿ ವಿಫಲವಾದವು’ ಎಂಬ ಒಂದೇ ವಾಕ್ಯದಲ್ಲಿ, ಈ ಇಡೀ ವಿಷಯದಲ್ಲಿ ಅತ್ಯಂತ ರೋಚಕವಾದ ಭಾಗವನ್ನು ನೀವು ದಾಟಿಹೋಗಿದ್ದೀರಿ. ನಿಮ್ಮ ಲೇಖನ ಇಲ್ಲಿಂದಲೇ ಹುಟ್ಟಬಹುದಿತ್ತು. ಎರಡೂ ವೈಕಿಂಗ್ ಲ್ಯಾಂಡರ್‌ಗಳನ್ನು, ಭೂಮಿಯ ಸೂಕ್ಷ್ಮಜೀವಿಗಳು ಅವುಗಳ ಜೊತೆ ಪ್ರಯಾಣಿಸಬಾರದೆಂದು, ಕುದಿಯುವ ನೀರಿಗಿಂತ ಹೆಚ್ಚಿನ ಬಿಸಿಯಲ್ಲಿ ಗಂಟೆಗಟ್ಟಲೆ ಇರಿಸಿ ಆಮೇಲೆ ಉಡಾಯಿಸಿದ್ದರು. ಅವುಗಳ ಒಡಲಲ್ಲಿ ಜೀವ ಹುಡುಕುವ ಮೂರು ಪ್ರಯೋಗಗಳಿದ್ದವು. ಗಿಲ್ಬರ್ಟ್ ಲೆವಿನ್ ರೂಪಿಸಿದ ಪ್ರಯೋಗದಲ್ಲಿ, ವಿಕಿರಣಶೀಲ ಇಂಗಾಲವನ್ನು ಸೇರಿಸಿದ ಪೋಷಕ ದ್ರಾವಣದ ಕೆಲವು ಹನಿಗಳನ್ನು ಮಂಗಳನ ಮಣ್ಣಿಗೆ ಹಾಕಲಾಯಿತು. ಮಣ್ಣಿನಲ್ಲಿ ಅದನ್ನು ತಿನ್ನುವವರಿದ್ದರೆ ಅದೇ ಇಂಗಾಲ ಅನಿಲವಾಗಿ ಹೊರಬರಬೇಕು. ಅನಿಲ ಹೊರಬಂದಿತು. ಜೀವಿಗಳಿದ್ದರೆ ಸಾಯಲೆಂದು ಅದೇ ಮಣ್ಣನ್ನು 160 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಪ್ರಯೋಗವನ್ನು ಮತ್ತೆ ಮಾಡಿದಾಗ ಅನಿಲ ಬರಲಿಲ್ಲ. ಮೊದಲೇ ನಿಗದಿಯಾಗಿದ್ದ ಅಳತೆಗೋಲಿನ ಪ್ರಕಾರ ಇದು ‘ಜೀವವಿದೆ’ ಎಂಬ ಉತ್ತರ.

ಆದರೂ ಬಹುಪಾಲು ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ, ಮತ್ತು ಏಕೆ ಒಪ್ಪಲಿಲ್ಲ ಎಂಬುದರಲ್ಲೇ ನಿಮ್ಮ ಲೇಖನದ ಜೀವಾಳವಿದೆ. ದ್ರಾವಣವನ್ನು ಎರಡನೆಯ ಸಲ ಹಾಕಿದಾಗ ಹೊಸದಾಗಿ ಅನಿಲ ಉಕ್ಕಲಿಲ್ಲ. ಸಂಖ್ಯೆಯಲ್ಲಿ ಬೆಳೆಯುತ್ತಿರುವ ಜೀವಿಗಳು ಹಾಗೆ ನಡೆದುಕೊಳ್ಳುವುದಿಲ್ಲ. ಇನ್ನೊಂದು ಪ್ರಯೋಗದಲ್ಲಿ, ಮಣ್ಣಿಗೆ ಬರಿಯ ನೀರಾವಿ ತಗುಲಿದೊಡನೆ ಆಮ್ಲಜನಕ ಹೊಮ್ಮಿತು, ಅದೂ ದ್ಯುತಿಸಂಶ್ಲೇಷಣೆ ಸಾಧ್ಯವಿಲ್ಲದ ಕತ್ತಲಲ್ಲಿ. ಇದು ಮಣ್ಣಿನ ರಾಸಾಯನಿಕ ಗುಣವೆಂದು ವಿವರಿಸುವುದೇ ಸುಲಭವಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಮಣ್ಣನ್ನು ಬಿಸಿಮಾಡಿ ಸಾವಯವ ಅಣುಗಳನ್ನು ಹುಡುಕಿದ ಉಪಕರಣಕ್ಕೆ ಸಿಕ್ಕದ್ದು ಕ್ಲೋರಿನ್ ಬೆರೆತ ಒಂದೆರಡು ಸರಳ ಅಣುಗಳು ಮಾತ್ರ, ಅವನ್ನೂ ಭೂಮಿಯಲ್ಲಿ ಉಪಕರಣವನ್ನು ಶುಚಿಗೊಳಿಸಿದ ದ್ರಾವಕದ ಶೇಷವೆಂದು ಬದಿಗಿಟ್ಟರು. ದೇಹವೇ ಇಲ್ಲದ ಕಡೆ ಉಸಿರಾಟ ಎಲ್ಲಿಂದ ಬರಬೇಕು ಎಂಬುದು ಅಂದಿನ ವಾದವಾಗಿತ್ತು.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 2008ರಲ್ಲಿ ಮಂಗಳನ ಉತ್ತರ ಧ್ರುವದ ಬಳಿ ಇಳಿದ ಫೀನಿಕ್ಸ್ ನೌಕೆ, ಅಲ್ಲಿನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ಲವಣವನ್ನು ಕಂಡಿತು. ಅದು ಕಾದಾಗ ತನ್ನ ಜೊತೆಗಿರುವ ಸಾವಯವ ಅಣುಗಳನ್ನು ಸುಟ್ಟು, ಕ್ಲೋರಿನ್ ಬೆರೆತ ಅವೇ ಸರಳ ಅಣುಗಳನ್ನು ಉಳಿಸುತ್ತದೆ. ಚಿಲಿಯ ಅಟಕಾಮ ಮರುಭೂಮಿಯ ಮಣ್ಣಿಗೆ ಪರ್‌ಕ್ಲೋರೇಟ್ ಬೆರೆಸಿ ಕಾಯಿಸಿದವರು 2010ರಲ್ಲಿ ಇದನ್ನು ತೋರಿಸಿಕೊಟ್ಟರು. ಎಂದರೆ, ಹುಡುಕುವ ಕ್ರಮವೇ ಹುಡುಕುತ್ತಿದ್ದ ವಸ್ತುವನ್ನು ನಾಶಮಾಡಿದ್ದಿರಬಹುದು. ಇಷ್ಟರಿಂದ ಲೆವಿನ್ ಹೇಳಿದ್ದು ಸರಿಯೆಂದು ಸಾಬೀತಾಗುವುದಿಲ್ಲ. ಇತರ ವಸ್ತುಗಳಿಗೆ ಆಮ್ಲಜನಕ ಕೊಟ್ಟು ಒಡೆಯುವ, ಆ ಮಣ್ಣಿನ ಉತ್ಕರ್ಷಕ ಲವಣಗಳೇ ಅವರ ಅನಿಲಕ್ಕೂ ಕಾರಣವಾಗಿರಬಹುದು. 2021ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ನಿಲುವನ್ನು ಬಿಡಲಿಲ್ಲ. ಇಷ್ಟೆಲ್ಲ ನಡೆದಿರುವಾಗ ‘ವಿಫಲವಾದವು’ ಎಂಬ ಪದ ಸಾಲದು.

ಮಂಗಳಯಾನದ ಭಾಗದಲ್ಲಿ ನೇರವಾದ ತಪ್ಪೊಂದಿದೆ. ‘ನಮ್ಮ ಮಂಗಳಯಾನ ಮೀಥೇನ್ ಪತ್ತೆಹಚ್ಚಿ ಜಗತ್ತನ್ನೇ ಬೆರಗುಗೊಳಿಸಿತು’ ಎಂದಿದ್ದೀರಿ. ಜೀವಿಗಳಿಂದಲೂ ಹುಟ್ಟಬಲ್ಲ ಅನಿಲವಾದ ಮೀಥೇನನ್ನು ಅಳೆಯಲೆಂದೇ ಅದರಲ್ಲೊಂದು ಉಪಕರಣವಿತ್ತು, ನಿಜ. ಆದರೆ ಮೀಥೇನ್ ಸಿಕ್ಕಿತೆಂದು ಇಸ್ರೋ ಪ್ರಕಟಿಸಿಲ್ಲ, ಆ ಉಪಕರಣದ ದತ್ತಾಂಶದಿಂದ ಸಿದ್ಧವಾದದ್ದು ಮಂಗಳನ ನೆಲ ಬಿಸಿಲನ್ನು ಎಷ್ಟು ಪ್ರತಿಫಲಿಸುತ್ತದೆ ಎಂಬುದರ ನಕ್ಷೆ. 2013ರ ನವೆಂಬರ್ 5ರಂದು ಹೊರಟು, 2014ರ ಸೆಪ್ಟೆಂಬರ್ 24ರಂದು ಮೊದಲ ಯತ್ನದಲ್ಲೇ ಕಕ್ಷೆ ಸೇರಿ, ಸುಮಾರು 450 ಕೋಟಿ ರೂಪಾಯಿಯಲ್ಲಿ ಕೆಲಸ ಮುಗಿಸಿದ ನೌಕೆಗೆ ಇಲ್ಲದ ಕೀರ್ತಿಯನ್ನು ಅಂಟಿಸುವ ಅಗತ್ಯವಿಲ್ಲ. ನಮ್ಮ ಓದುಗರಿಗೆ ಹತ್ತಿರವಾಗಬೇಕೆಂದಿದ್ದರೆ, ಕೋಟ್ಯಂತರ ಕಿಲೋಮೀಟರ್ ದೂರದಿಂದ ಬರುತ್ತಿದ್ದ ಅದರ ಕ್ಷೀಣ ಸಂಕೇತಗಳನ್ನು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ 32 ಮೀಟರ್ ವ್ಯಾಸದ ಆಂಟೆನಾ ಹೇಗೆ ಹಿಡಿಯುತ್ತಿತ್ತು ಎಂದು ಬರೆಯಿರಿ.

ಮೀಥೇನ್ ವಿಚಾರವನ್ನು ಉಳಿಸಿಕೊಳ್ಳುವಿರಾದರೆ, ಅದರ ಒಗಟನ್ನು ಒಗಟಾಗಿಯೇ ಇಡಿ. ಗೇಲ್ ಕುಳಿಯ ನೆಲಮಟ್ಟದಲ್ಲಿ ಕ್ಯೂರಿಯಾಸಿಟಿಗೆ ಮೀಥೇನ್ ಆಗಾಗ ಸಿಕ್ಕಿದೆ. 2019ರ ಜೂನ್‌ನಲ್ಲಿ ಅದು ಅಲ್ಲಿನ ಗಾಳಿಯ ನೂರು ಕೋಟಿ ಅಣುಗಳಲ್ಲಿ 21ರಷ್ಟಿತ್ತು. ಮೇಲೆ ಸುತ್ತುತ್ತಿರುವ ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್, ಇದಕ್ಕಿಂತ ನೂರಾರು ಪಟ್ಟು ಕಡಿಮೆ ಪ್ರಮಾಣವನ್ನೂ ಗುರುತಿಸಬಲ್ಲದ್ದಾದರೂ, ಏನನ್ನೂ ಕಂಡಿಲ್ಲ.

ನಿಮ್ಮ ವೃತ್ತಾಂತ 2021ರ ಫೆಬ್ರವರಿ 18ರಂದು ಪರ್ಸಿವಿಯರೆನ್ಸ್ ಜೆಜೆರೋ ಕುಳಿಯಲ್ಲಿ ಇಳಿಯುವುದರೊಂದಿಗೆ ಮುಗಿದುಹೋಗುತ್ತದೆ. 2024ರ ಜುಲೈನಲ್ಲಿ ಅದೇ ರೋವರ್ ‘ಚೆಯಾವಾ ಫಾಲ್ಸ್’ ಎಂದು ಹೆಸರಿಟ್ಟ ಬಂಡೆಯಲ್ಲಿ ಚಿರತೆಯ ಮೈಮೇಲಿನಂಥ ಮಚ್ಚೆಗಳನ್ನು ಕಂಡು, ಅದರ ಮಾದರಿಯನ್ನು ಕೊರೆದಿಟ್ಟುಕೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಆ ಮಚ್ಚೆಗಳಲ್ಲಿರುವುದು ಕಬ್ಬಿಣದ ಫಾಸ್ಫೇಟ್ ಮತ್ತು ಸಲ್ಫೈಡ್ ಖನಿಜಗಳಂತೆ ತೋರುತ್ತದೆ. ಭೂಮಿಯಲ್ಲಿ ಇಂಥವು ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಆಗುವುದುಂಟು, ಜೀವವಿಲ್ಲದೆಯೂ ಆಗುವುದುಂಟು. ಸಂಶೋಧಕರು ‘ಜೀವದ ಸಂಭಾವ್ಯ ಕುರುಹು’ ಎಂದಷ್ಟೇ ಹೇಳಿ ನಿಂತರು, ಮತ್ತು ಹಾಗೆ ನಿಲ್ಲಲು ಅವರಿಗೆ ಕಾರಣವಿತ್ತು: ಅಂಟಾರ್ಕ್ಟಿಕಾದ ಅಲನ್ ಹಿಲ್ಸ್‌ನಲ್ಲಿ ಸಿಕ್ಕ ಮಂಗಳನ ಉಲ್ಕಾಶಿಲೆಯಲ್ಲಿ ಸೂಕ್ಷ್ಮಜೀವಿಗಳ ಪಳೆಯುಳಿಕೆ ಇರಬಹುದೆಂದು 1996ರಲ್ಲಿ ಘೋಷಣೆಯಾಗಿ, ಅಮೆರಿಕದ ಅಧ್ಯಕ್ಷರೇ ಅದರ ಕುರಿತು ಮಾತನಾಡಿ, ಕೊನೆಗೆ ಅದರ ಒಂದೊಂದು ಪುರಾವೆಗೂ ಜೀವರಹಿತ ವಿವರಣೆ ದೊರೆತದ್ದನ್ನು ಆ ಕ್ಷೇತ್ರದವರು ಮರೆತಿಲ್ಲ.

‘ವಿಜ್ಞಾನಿಗಳು ಹೇಳುತ್ತಾರೆ’ ಎಂಬುದು ನಿಮ್ಮಲ್ಲಿ ಪುಟಕ್ಕೆರಡು ಬಾರಿ ಬರುತ್ತದೆ. ಯಾರು, ಯಾವಾಗ, ಯಾವ ಅಳತೆಯ ಆಧಾರದಲ್ಲಿ ಹೇಳಿದರು ಎಂದು ಬರೆಯಲಾಗದಿದ್ದರೆ ಆ ವಾಕ್ಯವನ್ನೇ ಬಿಟ್ಟುಬಿಡಿ. ಆಶ್ಚರ್ಯಸೂಚಕ ಚಿಹ್ನೆಗಳೂ ಬೇಡ.

ನಿಮಗೆ ಬರೆಯುವ ಶಕ್ತಿಯಿದೆ ಎಂದು ನಾನು ನಂಬಿರುವುದು ಏಳನೆಯ ಪುಟದ ಒಂದು ಪರಿಚ್ಛೇದದಿಂದ. ನೌಕೆ ಮಂಗಳನ ವಾಯುಮಂಡಲವನ್ನು ಹೊಕ್ಕು ನೆಲ ಮುಟ್ಟಲು ಏಳು ನಿಮಿಷ, ಆ ಸುದ್ದಿ ಭೂಮಿಗೆ ತಲುಪಲು ಹನ್ನೊಂದು ನಿಮಿಷ, ಆದ್ದರಿಂದ ‘ಇಳಿಯತೊಡಗಿದೆ’ ಎಂಬ ಸಂಕೇತ ಇಲ್ಲಿಗೆ ಬರುವ ಹೊತ್ತಿಗೆ ಅದು ಅಲ್ಲಿ ಇಳಿದೋ ಒಡೆದೋ ಆಗಿರುತ್ತದೆ ಎಂದು, ಒಂದೂ ವಿಶೇಷಣವಿಲ್ಲದೆ ಬರೆದಿದ್ದೀರಿ. ಅದರಲ್ಲಿ ನಾನು ಒಂದಕ್ಷರವನ್ನೂ ತಿದ್ದಲಾರೆ.

ಆ ಧಾಟಿಯಲ್ಲೇ ವೈಕಿಂಗ್ ಪ್ರಯೋಗಗಳ ಬಗ್ಗೆ ಸಾವಿರದೈನೂರು ಪದಗಳ ಲೇಖನವೊಂದನ್ನು ಬರೆದು ಕಳಿಸಿ. ಫೀನಿಕ್ಸ್‌ವರೆಗೆ ಬಂದರೆ ಸಾಕು, ಚೆಯಾವಾ ಫಾಲ್ಸ್ ಬಂಡೆಗೆ ಒಂದು ಪರಿಚ್ಛೇದ ಕೊಡಿ. ಶೀರ್ಷಿಕೆಯಲ್ಲಿ ‘ಜೀವಿಗಳು’ ಎಂಬ ಪದ ಬೇಡ. ಪರ್‌ಕ್ಲೋರೇಟ್ ಏನು ಮಾಡುತ್ತದೆಂಬುದನ್ನು ರಸಾಯನಶಾಸ್ತ್ರ ಓದದವರಿಗೂ ತಿಳಿಯುವಂತೆ ವಿವರಿಸಿ, ಏಕೆಂದರೆ ಲೇಖನದ ತಿರುವು ಅದರ ಮೇಲೆಯೇ ನಿಂತಿರುತ್ತದೆ.

ಇತಿ,
ಸಂಪಾದಕ