ಮಟನ್ ತಿಂದರೂ ಬಿ12 ಯಾಕೆ ಇಳಿಯುತ್ತದೆ?

ಪ್ರಶ್ನೆ: ನನಗೆ 48 ವರ್ಷ, ಗದಗದಲ್ಲಿ ಶಾಲಾ ಶಿಕ್ಷಕಿ. ಎರಡು ವರ್ಷದಲ್ಲಿ ಮೂರು ಸಲ ರಕ್ತದಲ್ಲಿ ವಿಟಮಿನ್ ಬಿ12 ಕಡಿಮೆ ಬಂದಿದೆ. ಕೊನೇ ಸಲ 132. ಐದು ಸೂಜಿ ತಗೊಂಡರೆ ಏರುತ್ತದೆ, ಆರೇಳು ತಿಂಗಳಿಗೆ ಮತ್ತೆ ಇಳಿಯುತ್ತದೆ. ಪಾದ ಜುಮುಜುಮು ಅನ್ನುತ್ತದೆ. ದಿನಾ ಹಾಲು, ಮೊಸರು, ವಾರಕ್ಕೆ ನಾಲ್ಕು ಮೊಟ್ಟೆ, ರವಿವಾರ ಮಟನ್ ಇದ್ದೇ ಇರುತ್ತದೆ. ಸಕ್ಕರೆ ಕಾಯಿಲೆ ಇಲ್ಲ. ಎಂಟು ವರ್ಷದಿಂದ ಥೈರಾಯ್ಡ್ ಗುಳಿಗೆ, ನಾಲ್ಕು ವರ್ಷದಿಂದ ಬೆಳಿಗ್ಗೆ ಒಂದು ಗ್ಯಾಸ್ ಗುಳಿಗೆ, ಅಷ್ಟೇ. ಎಲ್ಲರೂ ‘ಸರಿಯಾಗಿ ಊಟ ಮಾಡ್ರಿ’ ಅನ್ನುತ್ತಾರೆ. ಇನ್ನೇನು ತಿನ್ನಲಿ?

ಉತ್ತರ: ಅಕ್ಕಾವ್ರೇ, ನಿಮ್ಮ ಊಟದಲ್ಲಿ ನನಗೇನೂ ತಪ್ಪು ಕಾಣುತ್ತಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯಲ್ಲಿ ಬಿ12 ಇಲ್ಲ, ಅದು ನಿಜ. ಆದರೆ ದಿನಕ್ಕೆ ಬೇಕಾಗುವುದು ಎರಡು-ಎರಡೂವರೆ ಮೈಕ್ರೋಗ್ರಾಂ ಮಾತ್ರ. ಹಾಲು, ಮೊಸರು, ಮೊಟ್ಟೆ, ಮಟನ್‌ನಿಂದ ಅಷ್ಟು ಸಿಗುತ್ತದೆ. ಹಾಗಿದ್ದೂ ಮತ್ತೆ ಮತ್ತೆ ಇಳಿಯುತ್ತಿದೆ ಅಂದರೆ, ತಿಂದದ್ದು ರಕ್ತಕ್ಕೆ ಸೇರುತ್ತಿಲ್ಲ ಅನ್ನುವ ಅನುಮಾನವೇ ಜಾಸ್ತಿ. ಐದೇ ಸೂಜಿಗೆ ನಿಲ್ಲಿಸಿದ್ದರಿಂದ ಲಿವರ್‌ನಲ್ಲಿರುವ ಬಿ12 ದಾಸ್ತಾನು ತುಂಬದೇ ಇರಲೂಬಹುದು.

ಬಿ12 ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವುದು ಹೊಟ್ಟೆಯ ಆಮ್ಲ. ಹೊಟ್ಟೆಯ ಒಳಗೋಡೆ ಇಂಟ್ರಿನ್ಸಿಕ್ ಫ್ಯಾಕ್ಟರ್ ಅನ್ನುವ ಇನ್ನೊಂದು ಪ್ರೋಟೀನ್ ಮಾಡುತ್ತದೆ. ಬಿ12 ಅದರ ಜೊತೆ ಸಣ್ಣ ಕರುಳಿನ ಕೊನೇ ಭಾಗದವರೆಗೆ ಹೋಗಿ ಅಲ್ಲಿ ರಕ್ತ ಸೇರುತ್ತದೆ. ಈ ದಾರಿಯಲ್ಲಿ ಎಲ್ಲಿ ಕೆಟ್ಟಿದೆ ಅಂತ ಹುಡುಕಬೇಕು.

ಗುಳಿಗೆಗಳ ಬಗ್ಗೆ ಬರೆದ ಸಾಲನ್ನು ನಾನು ಎರಡು ಸಲ ಓದಿದೆ. ಗ್ಯಾಸ್ ಗುಳಿಗೆ ಅಂದರೆ ಬಹುಶಃ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್, ಅಲ್ವಾ? ಯಾವಾಗಲೋ ಹದಿನೈದು ದಿನಕ್ಕೆ ಅಂತ ಬರೆದುಕೊಟ್ಟಿರುತ್ತಾರೆ. ಖಾಲಿಯಾದಾಗಲೆಲ್ಲ ಮೆಡಿಕಲ್ ಶಾಪಿನಿಂದ ಇನ್ನೊಂದು ಸ್ಟ್ರಿಪ್ ಬರುತ್ತಲೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಇವು ಆಮ್ಲವನ್ನೇ ತಗ್ಗಿಸುತ್ತವೆ. ಎರಡು ವರ್ಷಕ್ಕಿಂತ ಹೆಚ್ಚು ತಗೊಂಡರೆ ಬಿ12 ಇಳಿಯಬಹುದು. ಹಾಗಂತ ನಾಳೆಯೇ ನಿಲ್ಲಿಸಬೇಡಿ, ಒಮ್ಮೆಲೇ ಬಿಟ್ಟರೆ ಉರಿ ಹೆಚ್ಚಾಗುತ್ತದೆ. ವೈದ್ಯರನ್ನು ಕೇಳಿ ನಿಧಾನಕ್ಕೆ ಇಳಿಸಿ.

ಆದರೂ ಎಲ್ಲ ತಪ್ಪನ್ನೂ ಆ ಗುಳಿಗೆ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ನಿಮಗೆ ಥೈರಾಯ್ಡ್ ಇದೆ. ರೋಗನಿರೋಧಕ ಶಕ್ತಿ ಥೈರಾಯ್ಡ್ ಗ್ರಂಥಿ ಮೇಲೆ ತಿರುಗಿಬಿದ್ದವರಲ್ಲಿ ಕೆಲವರಿಗೆ ಅದು ಹೊಟ್ಟೆಯ ಗೋಡೆಯನ್ನೂ ಕೆಡಿಸುತ್ತದೆ. ಆಗ ಇಂಟ್ರಿನ್ಸಿಕ್ ಫ್ಯಾಕ್ಟರ್ ತಯಾರಾಗುವುದಿಲ್ಲ. ಇದಕ್ಕೆ ಪರ್ನಿಶಿಯಸ್ ಅನೀಮಿಯಾ ಅನ್ನುತ್ತಾರೆ. ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಅನ್ನುವ ರಕ್ತ ಪರೀಕ್ಷೆ ಪಾಸಿಟಿವ್ ಬಂದರೆ ಕಾರಣ ಸಿಕ್ಕಿತು ಅಂತಲೇ ತಿಳಿಯಿರಿ. ನೆಗೆಟಿವ್ ಬಂದರೆ ಹುಡುಕಾಟ ಬಿಡಬೇಡಿ, ರೋಗ ಇದ್ದವರಲ್ಲೂ ಸುಮಾರು ಅರ್ಧ ಜನಕ್ಕೆ ಹಾಗೇ ಬರುತ್ತದೆ. ಬಿ12 ಸೂಜಿ ತಗೊಂಡ ಮರುದಿನ ಈ ಪರೀಕ್ಷೆಗೆ ರಕ್ತ ಕೊಡಬೇಡಿ, ಫಲಿತಾಂಶ ಕೆಡುತ್ತದೆ. ಸೂಜಿಗೆ ಮೊದಲೇ ಕೊಡುವುದು ಒಳ್ಳೆಯದು.

ಅಲ್ಲೂ ಸಿಗದಿದ್ದರೆ ಹುಬ್ಬಳ್ಳಿ-ಧಾರವಾಡದಲ್ಲಿ ಹೊಟ್ಟೆ, ಕರುಳಿನ ತಜ್ಞರನ್ನು ಕಂಡು ಎಂಡೋಸ್ಕೋಪಿ ಮಾಡಿಸಿ. ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾದ ಸೋಂಕು, ಒಳಪದರ ಸವೆದಿದ್ದು ಅಲ್ಲಿ ಗೊತ್ತಾಗುತ್ತದೆ. ತೂಕ ಇಳಿದಿದ್ದರೆ, ಭೇದಿ, ಸಂಜೆ ಜ್ವರ, ಬಲಗಡೆ ಕೆಳಹೊಟ್ಟೆ ನೋವು ಇದ್ದರೆ ಹೇಳಲೇಬೇಕು. ಕರುಳಿನ ಕ್ಷಯ, ಕ್ರೋನ್ಸ್ ಅನ್ನುವ ಕರುಳಿನ ಉರಿಯೂತದ ಕಾಯಿಲೆ ಬರುವುದು ಹೆಚ್ಚಾಗಿ ಬಿ12 ಹೀರುವ ಆ ಕೊನೇ ಭಾಗಕ್ಕೇ.

ಕಾರಣ ಸಿಗುವವರೆಗೆ ಚಿಕಿತ್ಸೆ ತಡೆಯಬೇಡಿ. ರಕ್ತ ಕೊಟ್ಟ ಕೂಡಲೇ ಸೂಜಿ ಶುರುವಾಗಲಿ. ಹಿಮೋಗ್ಲೋಬಿನ್ ಸರಿ ಇದೆ ಅಂತ ಸುಮ್ನೆ ಇರಬೇಡಿ, ಅದು ಸರಿ ಇದ್ದಾಗಲೂ ನರ ಕೆಡಬಹುದು, ನಿಮ್ಮ ಪಾದದ ಜುಮುಜುಮು ಅದರ ಲಕ್ಷಣವೇ ಇರಬಹುದು. ಬರೀ ಫೋಲಿಕ್ ಆಸಿಡ್ ನುಂಗುವುದಂತೂ ಬೇಡವೇ ಬೇಡ. ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರ ಒಳಗೊಳಗೇ ಹಾಳಾಗುತ್ತದೆ. ಹೀರುವಿಕೆಯೇ ಕೆಟ್ಟಿದ್ದರೆ ಬಿ12 ಜೀವನಪೂರ್ತಿ ಬೇಕು. ನರ ಸುಧಾರಿಸಿದ ಮೇಲೆ ಕೆಲವರಿಗೆ ದಿನಾ 1000 ಮೈಕ್ರೋಗ್ರಾಂ ಗುಳಿಗೆಯೂ ಸಾಕಾಗುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದೆಯೂ ಒಳಗೆ ಹೋಗುತ್ತದೆ.

ಹೋಗುವಾಗ ಎಲ್ಲ ಗುಳಿಗೆಗಳ ಸ್ಟ್ರಿಪ್, ಹಳೇ ರಿಪೋರ್ಟು ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಪಾದದ ಬೆರಳಿಗೆ ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ಕಂಪಿಸುವ ಲೋಹದ ಕವಲು) ಇಟ್ಟು ಕಂಪನ ಗೊತ್ತಾಗುತ್ತದೆಯೇ ನೋಡಿ ಅಂತ ವೈದ್ಯರನ್ನು ಕೇಳಿ. ಬಚ್ಚಲಲ್ಲಿ ಕಣ್ಣು ಮುಚ್ಚಿ ಮುಖ ತೊಳೆಯುವಾಗ ಮೈ ತೂಗಾಡಿ ಗೋಡೆ ಹಿಡಿಯುವಂತಾಗಿದ್ದರೆ, ಮುಂದಿನ ರಜೆಗೆ ಕಾಯದೆ ಈ ವಾರವೇ ಹೋಗಿ.